ಮಕ್ಕಳಿಗೆ ಚಿತ್ರಕಥೆ ಕೊಟ್ಟ ಕಾರ್ಕಳದ ಬಾಲಕ

ಚಿತ್ರದುರ್ಗದ ಕೋಟೆ ನೋಡಲು ಶಾಲೆಯ ಮಕ್ಕಳು ಬಂದಾಗ ಒಮ್ಮೆ ಅವರನ್ನು ಗಮನಿಸಿ. ಓಬವ್ವನ ಕಿಂಡಿಯ ಹತ್ತಿರ ಬಂದೊಡನೆ, ಮೇಷ್ಟರು ಕಥೆ ಶುರು ಮಾಡುವ ಮೊದಲೇ, ಯಾರೋ ಒಬ್ಬ ಹುಡುಗಿ ಎರಡೂ ಕೈ ಎತ್ತಿ ಒನಕೆ ಹಿಡಿದವಳಂತೆ ನಿಂತುಬಿಡುತ್ತಾಳೆ. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಅಗಲವಾಗಿ ತೆರೆದ ಕಣ್ಣು, ಓಬವ್ವ ಹೇಗಿದ್ದಳೆಂದು ಆ ಮಗುವಿಗೆ ಚೆನ್ನಾಗಿ ಗೊತ್ತು. ಆದರೆ ಹೈದರಾಲಿಯ ಕಾಲದ ಆ ಕಾವಲುಗಾರನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆದವರು ಯಾರಿದ್ದಾರೆ? ಆ ಮುಖ, ಆ ನಿಲುವು ಎಲ್ಲವೂ ಬಹುಕಾಲದ ಮೇಲೆ ಪುಸ್ತಕಗಳಿಗೆ ಚಿತ್ರ ಬರೆದ ಕಲಾವಿದರ ಕೈಯಿಂದ ಬಂದವು. ೧೯೭೨ರ ನಾಗರಹಾವು ಚಲನಚಿತ್ರ ಅದನ್ನು ಇನ್ನಷ್ಟು ಗಟ್ಟಿ ಮಾಡಿತು.

ಚಿತ್ರಕ್ಕೆ ಅಂಥ ಶಕ್ತಿ ಇದೆ. ನಮ್ಮ ದೇವಾಲಯಗಳ ಗೋಡೆಯ ಮೇಲಿರುವ ಶಿಲುಬೆ ಹಾದಿಯ ೧೪ ಚಿತ್ರಗಳನ್ನೇ ನೋಡಿ. ಓದುಬರಹ ಬಾರದ ಅಜ್ಜಿ ಮೊಮ್ಮಗನ ಕೈಹಿಡಿದು ಒಂದೊಂದರ ಮುಂದೆಯೂ ನಿಲ್ಲುತ್ತಾಳೆ. ಮಗು ಅಕ್ಷರ ಕಲಿಯುವ ಮೊದಲೇ ಇಡೀ ಕಥೆಯನ್ನು ಕಲಿತಿರುತ್ತದೆ. ಈ ಶಕ್ತಿಯನ್ನೇ ಮಕ್ಕಳ ಕಥೆಪುಸ್ತಕಕ್ಕೆ ತಂದು ದೇಶದ ಉದ್ದಗಲಕ್ಕೂ ಮುಟ್ಟಿಸಿದ ಅನಂತ ಪೈ ನಮ್ಮ ಕನ್ನಡನಾಡಿನವರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಅವರು ಹುಟ್ಟಿದ್ದು ೧೯೨೯ರ ಸೆಪ್ಟೆಂಬರ್ ೧೭ರಂದು, ಕಾರ್ಕಳದಲ್ಲಿ. ಎರಡು ವರ್ಷ ತುಂಬುವ ಹೊತ್ತಿಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಬಂಧುಗಳ ಆಶ್ರಯದಲ್ಲಿ ಮುಂಬಯಿ ಸೇರಿ, ಮಾಹಿಮ್‌ನ ಓರಿಯಂಟ್ ಶಾಲೆಯಲ್ಲಿ ಓದು ಮುಂದುವರಿಸಿದರು. ತಾಯಿಯ ಮಡಿಲಲ್ಲಿ ಕುಳಿತು ಕಥೆ ಕೇಳುವ ಭಾಗ್ಯ ಸಿಗದ ಮಗು ಮುಂದೆ ಲಕ್ಷಾಂತರ ಮಡಿಲುಗಳಿಗೆ ಕಥೆ ಹಂಚಿದ್ದು ಸೋಜಿಗವೇ ಸರಿ.

ಓದಿದ್ದು ರಸಾಯನ ತಂತ್ರಜ್ಞಾನ. ಆ ಕಾಲದಲ್ಲಿ ಅಂಥ ಪದವಿ ಇದ್ದವರಿಗೆ ಒಳ್ಳೆಯ ನೌಕರಿ ಕಾದಿರುತ್ತಿತ್ತು. ಆದರೆ ಪೈಯವರ ಮನಸ್ಸು ಪುಸ್ತಕದ ಕಡೆಗೆ ವಾಲಿತ್ತು. ೧೯೫೪ರಲ್ಲಿ ಮಾನವ್ ಎಂಬ ಮಕ್ಕಳ ಪತ್ರಿಕೆ ಆರಂಭಿಸಿದರು, ಅದು ಬಾಳಲಿಲ್ಲ. ದೊಡ್ಡವರ ಜೀವನ ಚರಿತ್ರೆ ಬರೆಯುವಾಗ ಇಂಥ ಸೋಲುಗಳನ್ನು ಒಂದು ಸಾಲಿನಲ್ಲಿ ದಾಟಿಬಿಡುವ ರೂಢಿ ನಮ್ಮದು. ಕೈಯಲ್ಲಿದ್ದ ನಾಲ್ಕು ಕಾಸು ಕಳೆದುಕೊಂಡ ಇಪ್ಪತ್ತೈದರ ಯುವಕನಿಗೆ ಅದು ಒಂದು ಸಾಲಿನ ಸಂಗತಿಯಾಗಿರಲಿಕ್ಕಿಲ್ಲ. ಆಮೇಲೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗ ಸೇರಿದರು. ಅಲ್ಲಿಂದ ೧೯೬೪ರಲ್ಲಿ ಇಂದ್ರಜಾಲ ಕಾಮಿಕ್ಸ್ ಹೊರಟಾಗ ಅದರ ಹಿಂದೆ ಪೈಯವರ ದುಡಿಮೆಯೂ ಇತ್ತು. ಮುಖವಾಡದ ಫ್ಯಾಂಟಮ್‌ನನ್ನು ಮಕ್ಕಳು ಮುಗಿಬಿದ್ದು ಓದಿದರು.

೧೯೬೭ರಲ್ಲಿ ದೆಹಲಿಗೆ ಹೋಗಿದ್ದ ಪೈಯವರು ಒಂದು ಅಂಗಡಿಯಲ್ಲಿ ಟೆಲಿವಿಷನ್ ನೋಡುತ್ತ ನಿಂತರು. ವಿದ್ಯಾರ್ಥಿಗಳ ರಸಪ್ರಶ್ನೆ ನಡೆಯುತ್ತಿತ್ತು. ಗ್ರೀಕರ ಒಲಿಂಪಸ್ ಪರ್ವತದ ದೇವತೆಯ ಬಗ್ಗೆ ಕೇಳಿದ್ದಕ್ಕೆ ಥಟ್ಟನೆ ಉತ್ತರ ಬಂತು. ಶ್ರೀರಾಮನ ತಾಯಿಯ ಹೆಸರೇನೆಂದು ಕೇಳಿದಾಗ ಎಲ್ಲರೂ ಮೌನ. ತಮ್ಮ ಮನೆಯ ಕಥೆಯೇ ಗೊತ್ತಿಲ್ಲದ ಮಕ್ಕಳು ಬೆಳೆಯುತ್ತಿದ್ದಾರೆಂಬ ಸಂಕಟದಿಂದ ಅವರು ಮುಂಬಯಿಗೆ ಮರಳಿದರು. ಇಂಡಿಯಾ ಬುಕ್ ಹೌಸ್‌ನ ಮೀರ್‌ಚಂದಾನಿಯವರು ಅವರ ಕೈಹಿಡಿದರು. ಅಮರ ಚಿತ್ರಕಥೆ ಹುಟ್ಟಿತು.

ಇಲ್ಲಿ ನಾವು ಕನ್ನಡಿಗರು ನೆನಪಿಡಬೇಕಾದ ಒಂದು ಸಂಗತಿ ಇದೆ. ಬೆಂಗಳೂರಿನಲ್ಲಿ ಅದೇ ಸಂಸ್ಥೆಯ ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ. ಕೆ. ಅನಂತರಾಮ್ ಅವರು ಚಿತ್ರಕಥೆಗಳನ್ನು ಕನ್ನಡದಲ್ಲಿ ತರಬೇಕೆಂದು ಮೊದಲೇ ಹಂಬಲಿಸಿದ್ದರು. ಅದರ ಫಲವಾಗಿ ಸಿಂಡರೆಲಾ, ಪಿನೋಕಿಯೋ ಮುಂತಾದ ಹತ್ತು ಪಾಶ್ಚಾತ್ಯ ಕಥೆಗಳು ಕನ್ನಡದಲ್ಲಿ ಬಂದವು. ಪೈಯವರ ಮೊದಲ ಭಾರತೀಯ ಕಥೆಯಾದ ಕೃಷ್ಣ ಹೊರಬಂದಾಗ ಅದಕ್ಕೆ ಸಿಕ್ಕಿದ್ದು ೧೧ನೆಯ ಸಂಖ್ಯೆ. ಮೊದಲ ಹತ್ತು ಕನ್ನಡದ ಪಾಲಾಗಿದ್ದವು!

ಕೃಷ್ಣ ಪುಸ್ತಕಕ್ಕೆ ಚಿತ್ರ ಬರೆದವರು ರಾಮ್ ವಾಯೀರ್ಕರ್. ಪೈಯವರಿಗೆ ಕಥೆ ಗೊತ್ತಿತ್ತು, ಆದರೆ ಕುಂಚ ಅವರದಲ್ಲ. ಒಂದೊಂದು ಪುಟವನ್ನೂ ಚೌಕಗಳಾಗಿ ಒಡೆದು, ಯಾವ ಚೌಕದಲ್ಲಿ ಯಾರು ಎಲ್ಲಿ ನಿಂತಿರಬೇಕು, ಯಾವ ಮಾತು ಯಾರ ಬಾಯಲ್ಲಿ ಬರಬೇಕು ಎಂದು ಬರಹಗಾರರು ಬರೆದುಕೊಡುತ್ತಿದ್ದರು. ಕಲಾವಿದ ಮೊದಲು ಪೆನ್ಸಿಲ್‌ನಲ್ಲಿ ಗೀಚಿ, ತಿದ್ದಿ, ಮೇಲೆ ಶಾಯಿ ಎಳೆದು, ಬಣ್ಣಕ್ಕೆ ಕಳುಹಿಸಬೇಕು. ಇಡೀ ಕಥೆ ೩೨ ಪುಟದೊಳಗೆ ಮುಗಿಯಬೇಕು. ಬಿಲ್ಲು ಎತ್ತಿದ್ದು ಒಂದು ಚೌಕ, ಬಾಣ ನಾಟಿದ್ದು ಇನ್ನೊಂದು ಚೌಕ. ನಡುವೆ ಬಾಣ ಹಾರಿದ್ದನ್ನು ಯಾರೂ ಬರೆದಿಲ್ಲ. ಅದನ್ನು ಹಾರಿಸುವುದು ಓದುವ ಮಗುವಿನ ಮನಸ್ಸು. ಚಿತ್ರಕಥೆ ಜೀವ ತಳೆಯುವುದು ಆ ಖಾಲಿ ಜಾಗದಲ್ಲಿ. ಆದ್ದರಿಂದಲೇ ಮಕ್ಕಳಿಗೆ ಓದಿ ಹೇಳುವ ತಾಯಂದಿರು ಪುಟ ತಿರುವಲು ಆತುರಪಡಬಾರದೆಂದು ನನಗೆ ಅನ್ನಿಸುತ್ತದೆ. ಮಗು ಚಿತ್ರದ ಮೂಲೆಯಲ್ಲಿರುವ ಅಳಿಲನ್ನು ನೋಡುತ್ತಿರಬಹುದು!

ಶಾಲೆಗಳಲ್ಲಿ ಕಾಮಿಕ್ಸ್ ಎಂದರೆ ಆಗ ಕಿತ್ತುಕೊಂಡು ಬೀರುವಿನಲ್ಲಿಡುವ ವಸ್ತು. ಪೈಯವರು ಹಠ ಬಿಡಲಿಲ್ಲ. ೧೯೭೮ರಲ್ಲಿ ದೆಹಲಿಯಲ್ಲಿ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರ ಕುರಿತು ವಿಚಾರಗೋಷ್ಠಿಯನ್ನೇ ನಡೆಸಿ, ಉಪಾಧ್ಯಾಯರ ಮನವೊಲಿಸಲು ನೋಡಿದರು. ಬರಬರುತ್ತ ಪುರಾಣದ ಜೊತೆಗೆ ಬಸವೇಶ್ವರ, ಕಬೀರ, ಗುರುನಾನಕ್, ಅಕ್ಬರ್, ಬಾಬಾಸಾಹೇಬ್ ಅಂಬೇಡ್ಕರ್ ಬಂದರು. ಯೇಸುಸ್ವಾಮಿಯ ಜೀವನವೂ ಆ ಮಾಲೆಯಲ್ಲಿ ಪ್ರಕಟವಾಯಿತು. ಒಟ್ಟು ೪೦೦ಕ್ಕೂ ಹೆಚ್ಚು ಶೀರ್ಷಿಕೆಗಳು.

ನಮ್ಮ ಕಡೆ ಅವು ಸುಲಭವಾಗಿ ಸಿಗುತ್ತಿರಲಿಲ್ಲ. ಹಿರಿಯೂರಿನಲ್ಲಿ ಇಳಿದು ಹೊಸದುರ್ಗದ ಬಸ್ಸಿಗೆ ಕಾಯುವಾಗ ಪತ್ರಿಕೆಯ ಅಂಗಡಿಯಲ್ಲಿ ದಾರಕ್ಕೆ ನೇತುಹಾಕಿದ್ದ ಒಂದು ಪುಸ್ತಕವನ್ನು ನನ್ನ ತಂದೆ ಕೊಡಿಸಿದ್ದು ಇನ್ನೂ ನೆನಪಿದೆ. ಊರು ಮುಟ್ಟುವಷ್ಟರಲ್ಲಿ ಮೂರು ಸಲ ಓದಿದ್ದೆ. ಆಮೇಲೆ ಅದು ಕೇರಿಯ ಎಲ್ಲ ಮನೆಗಳನ್ನೂ ಸುತ್ತಿ, ರಟ್ಟು ಕಳಚಿ, ಮನೆಗೆ ಹಿಂದಿರುಗಿತು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಹೊಳಲ್ಕೆರೆಯ ಬಂಧುಗಳ ಮನೆಯಲ್ಲಿ ಒಂದನೇ ತರಗತಿಯ ಹುಡುಗಿಯೊಬ್ಬಳು ಇಂಥದೇ ಒಂದು ಹಳೆಯ ಪುಸ್ತಕ ನೋಡುತ್ತ ಕುಳಿತಿದ್ದಳು. ರಾಜಕುಮಾರಿ ಗುಲಾಬಿ ಬಣ್ಣ, ರಾಕ್ಷಸ ಕಡುಕಪ್ಪು. ಮಗು ತನ್ನ ಪುಟ್ಟ ಕೈಯನ್ನು ರಾಕ್ಷಸನ ಕೈಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿತು. ಆಮೇಲೆ ತಾಯಿಯ ಮುಖ ನೋಡಿತು. ತಾಯಿ ಏನೂ ಹೇಳಲಾರದೆ ಪುಟ ತಿರುವಿದಳು. ಅಮರ ಚಿತ್ರಕಥೆಯ ಅನೇಕ ಪುಸ್ತಕಗಳಲ್ಲಿ ಒಳ್ಳೆಯವರು ಬೆಳ್ಳಗೆ, ಕೆಟ್ಟವರು ಕಪ್ಪಗೆ ಎಂಬ ಆಕ್ಷೇಪ ಬಲವಾಗಿಯೇ ಬಂದಿದೆ, ಅದು ಸುಳ್ಳಲ್ಲ. ರವಿವರ್ಮನ ಚಿತ್ರಗಳಿಂದ, ಕ್ಯಾಲೆಂಡರುಗಳಿಂದ ನಡೆದುಬಂದ ಅಭ್ಯಾಸವನ್ನು ಕಲಾವಿದರು ಹಾಗೆಯೇ ಮುಂದುವರಿಸಿದರು, ಸಂಪಾದಕರು ತಡೆಯಲಿಲ್ಲ. ನಾವೂ ಬೆರಳು ತೋರಿಸಿ ಸುಮ್ಮನಿರುವಂತಿಲ್ಲ. ನಮ್ಮ ಮನೆಗಳ ಸಚಿತ್ರ ಬೈಬಲ್ ಕಥೆಗಳಲ್ಲಿ ಯೇಸುಸ್ವಾಮಿಗೆ ನೀಲಿ ಕಣ್ಣು, ಹೊನ್ನಿನ ಕೂದಲು. ಯೂದನಿಗೆ ಮಾತ್ರ ಕಪ್ಪು ಮುಖ. ಬಿಸಿಲ ನಾಡಿನಲ್ಲಿ ಬಡಗಿಯ ಕೆಲಸ ಮಾಡಿದವರ ಮೈಬಣ್ಣ ಹೇಗಿದ್ದೀತೆಂದು ಧರ್ಮೋಪದೇಶದ ತರಗತಿಯಲ್ಲಿ ನಾವು ಎಂದಾದರೂ ಮಕ್ಕಳೊಡನೆ ಮಾತಾಡಿದ್ದೇವೆಯೇ?

೧೯೮೦ರಲ್ಲಿ ಪೈಯವರು ಟಿಂಕಲ್ ಎಂಬ ಮಕ್ಕಳ ಪತ್ರಿಕೆ ಶುರುಮಾಡಿದರು. ಇಪ್ಪತ್ತಾರು ವರ್ಷಗಳ ಹಿಂದೆ ಮುಳುಗಿಹೋಗಿದ್ದ ಆಸೆ ಬೇರೆ ರೂಪದಲ್ಲಿ ಮೇಲೆದ್ದಿತೆನ್ನಬಹುದು. ಹೇಳಿದ ಕೆಲಸವನ್ನೆಲ್ಲ ತಪ್ಪಾಗಿ ಮಾಡುವ ಸುಪ್ಪಂದಿ ಅದರಲ್ಲೇ ಹುಟ್ಟಿದ. ಹುಲಿ ಕಂಡರೆ ನಡುಗುವ ಬೇಟೆಗಾರ ಶಿಕಾರಿ ಶಂಭುವನ್ನು ಬರೆದವರು ವಸಂತ ಹಳಬೆ. ಅವನ ಕಣ್ಣನ್ನು ಟೋಪಿ ಯಾವಾಗಲೂ ಮುಚ್ಚಿರುತ್ತದೆ. ಕಣ್ಣೇ ಕಾಣದ ಮುಖದಲ್ಲಿ ಭಯವನ್ನು ತೋರಿಸುವುದು ಎಂಥ ಕಲೆ! ಬರೀ ಮೂಗು, ಬಾಯಿ, ನಡುಗುವ ಮೊಣಕಾಲು.

ಟಿಂಕಲ್‌ಗೆ ಮಕ್ಕಳೇ ಕಥೆ ಬರೆದು ಕಳುಹಿಸಬಹುದಿತ್ತು. ದೇಶದ ಎಲ್ಲ ಕಡೆಯಿಂದಲೂ ಪತ್ರಗಳು ಬರುತ್ತಿದ್ದವು, ಎಲ್ಲವೂ ಅಂಕಲ್ ಪೈ ಎಂಬ ಹೆಸರಿಗೆ. ಪೈಯವರಿಗೂ ಅವರ ಪತ್ನಿ ಲಲಿತಾ ಅವರಿಗೂ ಸ್ವಂತ ಮಕ್ಕಳಿರಲಿಲ್ಲ. ಮಕ್ಕಳು ಕೊಟ್ಟ ಅಂಕಲ್ ಎಂಬ ಹೆಸರೇ ಕೊನೆಯವರೆಗೂ ಉಳಿಯಿತು. ದೊಡ್ಡವರೂ ಅವರನ್ನು ಹಾಗೆಯೇ ಕರೆಯತೊಡಗಿದರು.

೨೦೧೧ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಕಾಮಿಕ್ ಕಾನ್ ಉತ್ಸವ ನಡೆದಾಗ ಅವರಿಗೆ ಜೀವಮಾನ ಸಾಧನೆಯ ಗೌರವ ಸಂದಿತು. ವಾರ ಕಳೆಯುವುದರೊಳಗೆ, ಫೆಬ್ರವರಿ ೨೪ರಂದು, ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ ೮೧ ವರ್ಷ. ಅದೇ ವರ್ಷ ಸೆಪ್ಟೆಂಬರ್ ೧೭ರಂದು, ಅವರ ಹುಟ್ಟುಹಬ್ಬದ ದಿನ, ಕಂಪ್ಯೂಟರ್ ತೆರೆದವರಿಗೆ ಗೂಗಲ್‌ನ ಭಾರತದ ಪುಟದಲ್ಲಿ ಎಂದಿನ ಅಕ್ಷರಗಳ ಬದಲು ಚಿತ್ರಕಥೆಯ ಚೌಕಗಳು ಕಂಡವು.