ದೂರದ ಡಾಕ್ಟರು, ಹತ್ತಿರದ ನರ್ಸಮ್ಮ

ಮಕ್ಕಳೇ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ತೆಂಗಿನ ಸೀಮೆ. ತಿಪಟೂರು, ತುರುವೇಕೆರೆಗಳಂತೆ ಇಲ್ಲೂ ಕೊಬ್ಬರಿ ಮಾಡುವವರು ಕಾಯಿ ಕೆಡವಿದ ಕೂಡಲೇ ಒಡೆಯುವುದಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುತ್ತಾರೆ. ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಅಲುಗಿಸಿದರೆ ಒಳಗೆ ಗಡಗಡ ಎನ್ನುತ್ತದೆ. ಒಡೆಯದೆಯೇ ಒಳಗೇನಾಗಿದೆ ಎಂದು ತಿಳಿಯುವ ವಿದ್ಯೆ ಅದು. ನಿಮ್ಮ ಅಜ್ಜಿ ತಾತಂದಿರು ‘ಶುಗರ್’ ಎನ್ನುವ ಸಕ್ಕರೆ ಕಾಯಿಲೆಗೂ ಅಂಥದೇ ವಿದ್ಯೆ ಬೇಕು. ಏಕೆಂದರೆ ಅದು ವರ್ಷಗಟ್ಟಲೆ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ಕೆಡಿಸುತ್ತದೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಅಂದಾಜು ಮಾಡಿತು. ನೋವೇ ಇಲ್ಲದ ಕಾಯಿಲೆಗೆ ತೋಟದ ಕೆಲಸ ಬಿಟ್ಟು, ಬಸ್ಸು ಹತ್ತಿ, ಸುಮಾರು 150 ಕಿಲೋಮೀಟರ್ ದೂರದ ಬೆಂಗಳೂರಿಗೆ ಮೇಲಿಂದ ಮೇಲೆ ಹೋಗಿಬರುವುದು ಎಷ್ಟು ಜನರಿಂದ ಆದೀತು? ಹಾಗಾದರೆ ತಜ್ಞರ ತಿಳಿವಳಿಕೆಯನ್ನೇ ಊರಿಗೆ ಕಳಿಸಬಹುದಲ್ಲ ಎಂಬ ಯೋಚನೆ ಸಹಜವಾಗಿಯೇ ಹುಟ್ಟಿತು.

ಈ ಯೋಚನೆಯನ್ನು ನಮ್ಮ ರಾಜ್ಯದಲ್ಲೇ ಒರೆಗೆ ಹಚ್ಚಿದವರಲ್ಲಿ ಹೃದ್ರೋಗ ತಜ್ಞ, ಸಂಶೋಧಕ ಡಾ. ದೊರೈರಾಜ್ ಪ್ರಭಾಕರನ್ ಒಬ್ಬರು. ಅವರೂ ಸಂಗಡಿಗರೂ ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ‘ಎಂವೆಲ್‌ಕೇರ್’ ಎಂಬ ಪ್ರಯೋಗ ನಡೆಸಿದರು. ಚೀಟಿ ಎತ್ತಿದ ಹಾಗೆ ಕೇಂದ್ರಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿನಲ್ಲಿ ನರ್ಸ್ ರೋಗಿಯ ಬಿಪಿ, ಶುಗರ್, ಅಭ್ಯಾಸಗಳನ್ನು ಟ್ಯಾಬ್ಲೆಟ್ ಕಂಪ್ಯೂಟರಿನಲ್ಲಿ ತುಂಬುತ್ತಿದ್ದರು. ಅದು ಯಾವ ಔಷಧಿ ಸೂಕ್ತವೆಂದು ಡಾಕ್ಟರಿಗೆ ಸಲಹೆ ಕೊಡುತ್ತಿತ್ತು, ರೋಗಿಯ ಫೋನಿಗೆ ನೆನಪಿನ ಸಂದೇಶ ಕಳಿಸುತ್ತಿತ್ತು. ಇನ್ನೊಂದು ಪಾಲಿನಲ್ಲಿ ಆ ಯಂತ್ರ ಇರಲಿಲ್ಲ, ಸಿಬ್ಬಂದಿಗೆ ತರಬೇತಿ ಮಾತ್ರ ಇತ್ತು. ಒಟ್ಟು 3,698 ರೋಗಿಗಳು, ಒಂದು ವರ್ಷ. 2019ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಎರಡೂ ಕಡೆ ಬಿಪಿಯೂ ಶುಗರೂ ಇಳಿದಿದ್ದವು, ಆದರೆ ಯಂತ್ರವಿದ್ದ ಕಡೆ ಹೆಚ್ಚೇನೂ ಇಳಿದಿರಲಿಲ್ಲ. ತಾವೇ ಕಟ್ಟಿದ ಸಾಧನ ಗೆಲ್ಲಲಿಲ್ಲ ಎಂಬುದನ್ನು ಮುಚ್ಚಿಡದೆ ಪ್ರಕಟಿಸಿದ ಈ ತಂಡವನ್ನು ನೀವು ತಿಳಿದಿರಬೇಕೆಂದೇ ಈ ಲೇಖನ.

ಹಾಗಿದ್ದರೆ ತಂತ್ರಜ್ಞಾನ ದಂಡವೇ? ಅಲ್ಲ ಎನ್ನಲು ಪಕ್ಕದ ತಮಿಳುನಾಡಿನಲ್ಲಿ ಸಾಕ್ಷಿಯಿದೆ. ಚೆನ್ನೈನ ಮಧುಮೇಹ ತಜ್ಞ ಡಾ. ವಿ. ಮೋಹನ್ ಅವರ ತಂಡ ಚುನಂಪೇಟ್ ಸುತ್ತಲಿನ 42 ಹಳ್ಳಿಗಳಿಗೆ ವ್ಯಾನು ಕಳಿಸಿತು. ಅದರಲ್ಲಿ ಕಣ್ಣಿನ ಹಿಂಪರದೆಯ ಚಿತ್ರ ತೆಗೆಯುವ ಕ್ಯಾಮೆರಾ ಇತ್ತು. ಇಸ್ರೋ ನೆರವಿನಿಂದ ಆ ಚಿತ್ರ ಉಪಗ್ರಹದ ಮೂಲಕ ಚೆನ್ನೈ ಸೇರುತ್ತಿತ್ತು. 27,014 ವಯಸ್ಕರಲ್ಲಿ 23,449 ಮಂದಿಯ ತಪಾಸಣೆ ಆಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಎಂಬ ಅಳತೆ ರೋಗಿಗಳಲ್ಲಿ ವರ್ಷದೊಳಗೆ ಶೇ 9.3ರಿಂದ 8.5ಕ್ಕೆ ಬಂತು. ಚೆನ್ನೈ ಆಸ್ಪತ್ರೆಗೆ ಕಳಿಸಬೇಕಾಗಿ ಬಂದದ್ದು ನೂರಕ್ಕೆ ಐವರಿಗಿಂತ ಕಡಿಮೆ ಜನರನ್ನು. ಹೋಲಿಸಿ ನೋಡಲು ಇಲ್ಲಿ ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಇಳಿದದ್ದೆಲ್ಲ ವ್ಯಾನಿನ ಪುಣ್ಯ ಎನ್ನಲಾಗದು. ಆದರೂ ಎರಡು ಪ್ರಯೋಗಗಳ ನಡುವಿನ ವ್ಯತ್ಯಾಸ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಟ್ಯಾಬ್ಲೆಟ್ ಕೊಟ್ಟ ಸಲಹೆಯ ಬಹುಪಾಲು ತರಬೇತಿ ಪಡೆದ ಡಾಕ್ಟರಿಗೆ ಗೊತ್ತಿದ್ದದ್ದೇ. ಕಣ್ಣಿನ ಒಳಚಿತ್ರ, ಅದನ್ನು ಓದಬಲ್ಲ ತಜ್ಞ, ಇವೆರಡೂ ಆ ಹಳ್ಳಿಗಳಲ್ಲಿ ಇಲ್ಲದ್ದು. ಊರಿನಲ್ಲಿ ಇಲ್ಲದ್ದನ್ನು ತಂದುಕೊಟ್ಟಾಗ ಯಂತ್ರ ಉಪಕಾರಿ; ಇದ್ದದ್ದನ್ನೇ ಮತ್ತೆ ಹೇಳಿದಾಗ ಅದರಿಂದ ಹೆಚ್ಚು ಲಾಭವಿಲ್ಲ. ಬೆಂಗಳೂರಿನಲ್ಲೇ ತಯಾರಾಗುವ ‘ರೆಮಿಡಿಯೊ’ ಕಂಪನಿಯ, ಸ್ಮಾರ್ಟ್‌ಫೋನ್ ಜೋಡಿಸಿದ ಕಣ್ಣಿನ ಕ್ಯಾಮೆರಾ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ.

ಈಗ ಎಲ್ಲರ ಕೈಯಲ್ಲೂ ಫೋನಿದೆಯಲ್ಲ, ಆ್ಯಪ್ ಒಂದಿದ್ದರೆ ನರ್ಸ್ ಏಕೆ ಎಂದು ನೀವು ಕೇಳಬಹುದು. ಮನೆಯ ಫೋನು ಎಷ್ಟೋ ಸಲ ಮೊಮ್ಮಗನ ಜೇಬಿನಲ್ಲಿರುತ್ತದೆ. ಸಂದೇಶ ಬಂದರೂ ಅಜ್ಜಿಗೆ ಓದಿ ಹೇಳುವವರು ಬೇಕು. ಕೇಂದ್ರ ಸರ್ಕಾರ 2019ರ ನವೆಂಬರಿನಲ್ಲಿ ಆರಂಭಿಸಿದ ‘ಇ-ಸಂಜೀವಿನಿ’ಯ ಒಂದು ಬಗೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದ ಸಿಬ್ಬಂದಿ ರೋಗಿಯ ಪಕ್ಕದಲ್ಲೇ ಕೂತು ದೂರದ ಡಾಕ್ಟರ ಜೊತೆ ಮಾತಾಡಿಸುತ್ತಾರೆ. ಅದೇ ಸರಿಯಾದ ದಾರಿ ಎಂದು ನನ್ನ ನಂಬಿಕೆ. ಮುಟ್ಟದೆ ನೋಡುವ ಡಾಕ್ಟರು ಅರೆಬರೆ ಡಾಕ್ಟರೇ ಎಂಬ ಹಿರಿಯರ ಆಕ್ಷೇಪವೂ ಪೂರ್ತಿ ತಪ್ಪಲ್ಲ. ಶುಗರ್ ಇರುವ ಎಷ್ಟೋ ಜನರಿಗೆ ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವಾಗ ಚಿಪ್ಪಿನ ಚೂರೋ ಗರಿಯ ಕಡ್ಡಿಯೋ ಚುಚ್ಚಿದರೆ ಗೊತ್ತೇ ಆಗುವುದಿಲ್ಲ, ಗಾಯ ಕೀವುಗಟ್ಟಿ ಕಾಲನ್ನೇ ಕತ್ತರಿಸುವ ಹಂತಕ್ಕೆ ಹೋಗಬಹುದು. ಯಾವ ಪರದೆಯಲ್ಲೂ ಆ ಮರಗಟ್ಟುವಿಕೆ ಕಾಣದು. ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ಮೆಲ್ಲನೆ ಒತ್ತಿ “ಗೊತ್ತಾಗ್ತೈತಾ, ಅಜ್ಜಿ?” ಎಂದು ಕೇಳುವ ಪರೀಕ್ಷೆಯೊಂದಿದೆ. ಅದಕ್ಕೆ ಕರೆಂಟೂ ಬೇಡ, ಸಿಗ್ನಲ್ಲೂ ಬೇಡ. ಹುಳಿಯಾರಿನ ನರ್ಸಮ್ಮ ಅದನ್ನು ಐದು ನಿಮಿಷದಲ್ಲಿ ಮಾಡಿ, ಉತ್ತರವನ್ನು ಬೆಂಗಳೂರಿನ ತಜ್ಞರಿಗೆ ಫೋನಿನಲ್ಲೇ ತಿಳಿಸಬಹುದು.