ಲೈಬ್ರರಿಗೆ ಬಂದ ಗಣಿತದ ಮೇಷ್ಟ್ರು

ಹೋದ ಸಲದ ಗೋಡೆ ಪತ್ರಿಕೆಗೆ ನಾನು ಒಬ್ಬ ಮಹನೀಯರ ಜೀವನ ಬರೆದಿದ್ದೆ, ನೆನಪಿದೆಯಾ? ನಿಜ ಹೇಳ್ತೀನಿ, ಅದು ಒಂದೇ ಪುಸ್ತಕದಿಂದ ಸಾಲು ಸಾಲಾಗಿ ಇಳಿಸಿದ್ದು. ಇದು ಎಲ್ಲಿ ಸಿಕ್ಕಿತು ಅಂತ ಮೇಷ್ಟ್ರು ಎಲ್ಲರೆದುರು ಕೇಳಿದಾಗ ಪುಸ್ತಕದ ಹೆಸರೂ ಬಾಯಿಗೆ ಬರಲಿಲ್ಲ. ಅದಕ್ಕೇ ಈ ಸಲ ಲೈಬ್ರರಿ ಪೀರಿಯಡ್ಡಿನಲ್ಲಿ ಎರಡು ಪುಸ್ತಕ ಓದಿ, ಟಿಪ್ಪಣಿ ಮಾಡಿಕೊಂಡು, ಪುಸ್ತಕ ಮುಚ್ಚಿಟ್ಟು ಬರೆದಿದ್ದೇನೆ. ಲೈಬ್ರರಿಗಾಗಿಯೇ ಜೀವ ಸವೆಸಿದ ಎಸ್. ಆರ್. ರಂಗನಾಥನ್ ಅವರ ಬಗ್ಗೆ.

ಶುರುವಿಗೇ ತೊಡಕು. ಒಂದು ಪುಸ್ತಕದಲ್ಲಿ ಅವರು ಹುಟ್ಟಿದ್ದು 1892ರ ಆಗಸ್ಟ್ 9, ಇನ್ನೊಂದರಲ್ಲಿ ಆಗಸ್ಟ್ 12! ಮೇಷ್ಟ್ರು ಎರಡನ್ನೂ ಬರಿ ಅಂದರು, ಬರೆದಿದ್ದೇನೆ. ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನ ಆಚರಿಸೋದು 12ರಂದು. ಊರು ತಮಿಳುನಾಡಿನ ಶಿಯಾಳಿ, ಈಗ ಸೀರ್ಕಾಳಿ ಅಂತಾರೆ. ಆರನೇ ವಯಸ್ಸಿಗೇ ತಂದೆ ತೀರಿಕೊಂಡರು. ಮಾತು ತೊದಲುತ್ತಿತ್ತು. ಆದರೂ ಗಣಿತದಲ್ಲಿ ಎಂ.ಎ. ಮಾಡಿ, 1917ರಲ್ಲಿ ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಮೇಷ್ಟ್ರಾಗಿ ಬಂದರು.

1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಕೆಲಸ ಸಿಕ್ಕಿತು. ಕೆಲವೇ ದಿನಕ್ಕೆ ಬೇಸರ ಬಂತು. ಪಾಠ ಇಲ್ಲ, ಮಕ್ಕಳಿಲ್ಲ. ವಾಪಸ್ ಕರೆದುಕೊಳ್ಳಿ ಅಂತ ಹಳೇ ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಹೋದರಂತೆ! ಲಂಡನ್ನಿಗೆ ಹೋಗಿ ಕಲಿತು ಬಂದ ಮೇಲೂ ಬೇಸರವಾದರೆ ನೋಡೋಣ ಅಂತ ಕಳಿಸಿದರು.

ಅಲ್ಲಿ ಹಲವಾರು ಲೈಬ್ರರಿ ಸುತ್ತಿದರು. ಆದರೆ ನನಗೆ ಇಷ್ಟವಾದದ್ದು ಅಂಗಡಿಯ ಸಂಗತಿ. ಮೆಕ್ಯಾನೋ ಅನ್ನೋ ಆಟದ ಸಾಮಾನು ನೋಡಿದರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಜೋಡಿಸಿದ ಹಾಗೆಲ್ಲ ಬೇರೆ ಬೇರೆ ಆಟಿಕೆ. ಪುಸ್ತಕದ ವಿಷಯವನ್ನೂ ಹೀಗೇ ಬಿಡಿಸಿ ಜೋಡಿಸಬಹುದಲ್ಲ ಅಂತ ಹೊಳೀತು. ಬತ್ತದ ರೋಗದ ಪುಸ್ತಕ ಅಂದ್ಕೊಳ್ಳಿ. ಬತ್ತಕ್ಕೊಂದು ಅಂಕಿ, ರೋಗಕ್ಕೊಂದು ಅಂಕಿ, ನಡುವೆ ನಟ್ಟಿನ ಹಾಗೆ ಒಂದರ ಮೇಲೊಂದು ಎರಡು ಚುಕ್ಕಿ. ಆ ಚುಕ್ಕಿಗೆ ಕೋಲನ್ ಅಂತಾರೆ. ಅದೇ 1933ರಲ್ಲಿ ಅಚ್ಚಾದ ಕೋಲನ್ ವರ್ಗೀಕರಣ. ಗಣಿತ ಮೇಷ್ಟ್ರ ಬುದ್ಧಿ ಎಲ್ಲಿಗೆ ಬಂತು ನೋಡಿ!

ವಾಪಸ್ ಬಂದವರು ಪಾಠಕ್ಕೆ ಹೋಗಲೇ ಇಲ್ಲ. ಓದುಗರು ತಾವೇ ಕಪಾಟಿನ ಹತ್ತಿರ ಹೋಗಿ ಪುಸ್ತಕ ಆರಿಸುವಂತೆ ಮಾಡಿದರು. ಹುಡುಕೋಕೆ ಬಾರದವರಿಗೆ ಪಕ್ಕದಲ್ಲಿ ನಿಂತು ಸಹಾಯ ಮಾಡೋ ಸಿಬ್ಬಂದಿ ಇಟ್ಟರು. 1931ರಲ್ಲಿ ಲೈಬ್ರರಿಯ ಐದು ಸೂತ್ರಗಳ ಪುಸ್ತಕ ಬರೆದರು. ಪುಸ್ತಕ ಇರೋದು ಬಳಸೋಕೆ, ಕಾಯ್ದಿಡೋಕಲ್ಲ ಅನ್ನೋದು ಮೊದಲನೆಯದರ ಅರ್ಥ. ಅದೇ ವರ್ಷ ಮನ್ನಾರ್‌ಗುಡಿ ಕಡೆ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟವು. ಶಾಲೆ ಕಾಲೇಜುಗಳ ಲೈಬ್ರರಿ ಬಗ್ಗೆಯೇ 1942ರಲ್ಲಿ ಇನ್ನೊಂದು ಪುಸ್ತಕ ಬಂತು.

ಇದನ್ನೆಲ್ಲ ಓದಿ ನಾನು, ನಮ್ಮ ಬೀರುವಿಗೆ ಯಾವಾಗಲೂ ಬೀಗ ಯಾಕೆ ಅಂತ ಮೇಷ್ಟ್ರನ್ನು ಕೇಳಿಬಿಟ್ಟೆ. ಬೈತಾರೆ ಅಂದುಕೊಂಡಿದ್ದೆ. ಸೋಮವಾರದಿಂದ ಊಟದ ಬಿಡುವಿನಲ್ಲಿ ತೆಗೆದಿರುತ್ತೆ, ನೀನೇ ರಿಜಿಸ್ಟರ್ ಬರಿ ಅಂದರು.

ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಲೈಬ್ರರಿ ವಿಜ್ಞಾನದ ತರಬೇತಿ ಕೇಂದ್ರ ಶುರುಮಾಡಿದರು. ಅಲ್ಲೇ 1972ರ ಸೆಪ್ಟೆಂಬರ್ 27ರಂದು ತೀರಿಕೊಂಡರು. ಈ ತಾರೀಖು ಮಾತ್ರ ಎರಡೂ ಪುಸ್ತಕದಲ್ಲಿ ಒಂದೇ ಇದೆ.