ಹಾಫ್ಕಿನ್ ಮಹಾಶಯರೂ ಒಂದು ಸೀಸೆಯೂ

ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಪ್ರಯೋಗಶಾಲೆಯ ಸೀಸೆಗಳ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ಅದಕ್ಕೆ ಕಾರಣ ನನ್ನ ಅಕ್ಕ. ಅವಳು ಒಂದು ಪ್ರಯೋಗಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. ಅಲ್ಲಿಯ ಪರೀಕ್ಷೆಗಳಲ್ಲಿ ಎರಡು ಪ್ರತಿಕಾಯಗಳನ್ನು ಬಳಸುವರು. ಮೊದಲನೆಯದು ಹುಡುಕುವ ವಸ್ತುವಿಗೆ ಅಂಟುವುದು. ಎರಡನೆಯದು ಆ ಮೊದಲನೆಯದನ್ನು ಗುರುತಿಸಿ ಅದಕ್ಕೆ ಅಂಟುವುದು. ಎರಡನೆಯದಕ್ಕೆ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಜೋಡಿಸಿರುವರು. ತಕ್ಕ ದ್ರಾವಣ ಹಾಕಿದೊಡನೆ ಕಿಣ್ವವು ಬಣ್ಣ ಬರಿಸಿ ಸುಳಿವು ಕೊಡುವುದು.

ಈ ಸೀಸೆಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು; ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಬಾರದು; ಆಯಾ ದಿನಕ್ಕೆ ಬೇಕಾದಷ್ಟನ್ನೇ ತೆಳುಮಾಡಿಕೊಳ್ಳಬೇಕು. ಕ್ರಿಮಿ ಬೆಳೆಯದಿರಲೆಂದು ಅಕ್ಕ ಅದಕ್ಕೆ ಸ್ವಲ್ಪ ಸೋಡಿಯಂ ಅಜೈಡ್ ಬೆರೆಸಿದಳು. ಬರಿಯ ಪ್ರತಿಕಾಯಕ್ಕೆ ಅದು ಕಾವಲು. ಈ ಕಿಣ್ವಕ್ಕೋ ವಿಷ. ಬಣ್ಣ ಬರಲಿಲ್ಲ. ಎಲ್ಲರೂ ಸೀಸೆ ತಯಾರಿಸಿದವರನ್ನು ದೂರಿದರು. ದೂರಿನ ಕಾಗದವೂ ಸಿದ್ಧವಾಯಿತು. ತಪ್ಪು ಅರಿವಾದರೂ ಅಕ್ಕನಿಗೆ ಬಾಯಿ ಬರಲಿಲ್ಲ. ಆ ರಾತ್ರಿ ಅವಳು ಊಟಕ್ಕೆ ಏಳದಿರಲು, ನಾನು ಓದಿದ್ದ ಹಾಫ್ಕಿನ್ ಮಹಾಶಯರ ಕಥೆಯನ್ನು ಹೇಳಿದೆನು.

ನಾವಿರುವ ಪುಲಿಕೇಶಿನಗರವೇ ಒಂದು ಬಗೆಯಲ್ಲಿ ಪ್ಲೇಗಿನ ಕೂಸು. 1898ರಲ್ಲಿ ಬೆಂಗಳೂರಿಗೆ ಆ ಮಾರಿ ಬಂದ ಮೇಲೆ, ದಂಡಿನ ಪ್ರದೇಶದ ಇಕ್ಕಟ್ಟು ತಗ್ಗಿಸಲು 1910ರ ಸುಮಾರಿಗೆ ಫ್ರೇಜರ್ ಟೌನ್ ಎಂಬ ಹೆಸರಿನಿಂದ ಈ ಬಡಾವಣೆ ಹುಟ್ಟಿತು. ಆ ಮಾರಿಗೆ ಲಸಿಕೆ ಕಂಡುಹಿಡಿದವರೇ ವಾಲ್ಡೆಮಾರ್ ಹಾಫ್ಕಿನ್.

ಅವರು 1860ರಲ್ಲಿ ಒಡೆಸ್ಸಾ ನಗರದ ಯೆಹೂದ್ಯ ಕುಟುಂಬದಲ್ಲಿ ಜನಿಸಿದರು. ಮೆಚ್ನಿಕಾಫರ ಶಿಷ್ಯರಾಗಿದ್ದು, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿ, 1892ರಲ್ಲಿ ಕಾಲರಾ ಲಸಿಕೆಯನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿದಾಗ ಅಲ್ಲಿಗೆ ಹೋಗಿ, ಹಗಲಿರುಳು ದುಡಿದು ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಅದನ್ನೂ ಮೊದಲು ತಾವೇ ಹಾಕಿಸಿಕೊಂಡರು. ನಮ್ಮ ಹುಬ್ಬಳ್ಳಿಯಲ್ಲಿ 1898ರಲ್ಲಿ ಸಾವಿರಾರು ಜನ ಆ ಲಸಿಕೆ ಪಡೆದರು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಮಂದಿಗೆ ಲಸಿಕೆ ಹಾಕಿದರು. ಅವರಲ್ಲಿ ಒಂದೇ ಸೀಸೆಯಿಂದ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಲಸಿಕೆಗೆ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು, ಕಾಯಿಸಿ ಶುದ್ಧಿಮಾಡುವ ಕ್ರಮವನ್ನು ಹಾಫ್ಕಿನ್ನರು ತಂದಿದ್ದರು. ವಿಚಾರಣೆಯವರು ದೋಷವನ್ನು ಅವರ ಪ್ರಯೋಗಶಾಲೆಯ ಮೇಲೆಯೇ ಹೊರಿಸಿದರು. ಅವರು ಪದವಿ ಕಳೆದುಕೊಂಡರು. ನಡೆದದ್ದೇ ಬೇರೆ. ಹಳ್ಳಿಯಲ್ಲಿ ಆ ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಸರಿಯಾಗಿ ಶುದ್ಧಿಮಾಡದೆ ಅದನ್ನೇ ಮತ್ತೆ ಬಳಸಿದ್ದರು. ತೆರೆದಾಗ ಸೀಸೆಯಲ್ಲಿ ದುರ್ವಾಸನೆಯೂ ಇರಲಿಲ್ಲ. ವಿಷ ಮೊದಲೇ ಬೆಳೆದಿದ್ದರೆ ಅದು ಇರಬೇಕಾಗಿತ್ತು. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ಹತ್ತು ವಿದ್ವಾಂಸರು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವರ ಪಕ್ಷವನ್ನು ಎತ್ತಿಹಿಡಿದ ಬಳಿಕವೇ ಕಳಂಕ ತೊಳೆಯಿತು. ಅವರು ಕಲ್ಕತ್ತೆಗೆ ಮರಳಿ ದುಡಿದರು. 1925ರಲ್ಲಿ ಮುಂಬಯಿಯ ಪ್ರಯೋಗಶಾಲೆಗೆ ಅವರ ಹೆಸರನ್ನೇ ಇಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವರು ತೀರಿಕೊಂಡರು.

ಕಥೆ ಮುಗಿದಾಗ ಅಕ್ಕ ಏನೂ ಹೇಳಲಿಲ್ಲ. ಮರುದಿನ ಮೊದಲ ಬಸ್ಸಿಗೇ ಹೋಗಿ ತನ್ನ ತಪ್ಪನ್ನು ಒಪ್ಪಿಕೊಂಡಳು; ದೂರಿನ ಕಾಗದ ಅಂಚೆಗೆ ಬೀಳಲಿಲ್ಲ. ಬೈಗಳೂ ತಿಂದಳಂತೆ. ಸಂಜೆ ಮನೆಗೆ ಬಂದು ಹೊಟ್ಟೆತುಂಬ ಉಂಡಳು. ಸೀಸೆ ತುಂಬಿದವರಷ್ಟೇ ಅದರ ಬಿರಡೆ ತೆಗೆದವರೂ ಅದಕ್ಕೆ ಹೊಣೆಯೆಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಅವಳಿಂದ.